ದಾರಿ ನಡೆದವರೇ ದಾರಿ ತೋರಬೇಕು



ಬಾವಿಯ ಆಳವನ್ನು ಇಳಿದವನು ಬಲ್ಲನು. ಮೇಲೆ ನಿಂತು ಹಗ್ಗ ಅಳೆಯುವವನಿಗೆ ದೊರೆಯುವುದು ಲೆಕ್ಕ ಮಾತ್ರ. ಕೇಳಿದ ಮಾತಿಗಿಂತ ಉಂಡ ಅನುಭವಕ್ಕೆ ನಾವು ಹೆಚ್ಚು ಬೆಲೆ ಕೊಡುವುದು ಇದಕ್ಕಾಗಿಯೇ. ಈ ಸತ್ಯವನ್ನು ಅಮೆರಿಕದ ಕಾಲೇಜುಗಳಲ್ಲಿ ಓದುತ್ತಿರುವ ಮಾಜಿ ಸೈನಿಕರ ಬದುಕಿನಲ್ಲಿಟ್ಟು ನೋಡೋಣ.

1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟರು ಜಿ.ಐ. ಬಿಲ್ ಎಂದು ಹೆಸರಾದ ಕಾಯಿದೆಗೆ ಸಹಿ ಹಾಕಿದರು. ಎರಡನೆಯ ಮಹಾಯುದ್ಧದಿಂದ ಮರಳಿದವರಲ್ಲಿ 20 ಲಕ್ಷಕ್ಕೂ ಹೆಚ್ಚು ಮಂದಿ ಅದರ ನೆರವಿನಿಂದ ಕಾಲೇಜು ಸೇರಿದರು. 1947ರಲ್ಲಿ ಆ ದೇಶದ ಕಾಲೇಜು ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಜನ ಮಾಜಿ ಸೈನಿಕರೇ ಆಗಿದ್ದರು. ಪಕ್ಕದಲ್ಲಿ ಕುಳಿತವನೂ ಯುದ್ಧ ಕಂಡವನಾಗಿದ್ದುದರಿಂದ ಅಂದು ಜೊತೆಗಾರನನ್ನು ಹುಡುಕಬೇಕಾಗಿರಲಿಲ್ಲ. 2009ರ ಆಗಸ್ಟ್ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯೂ ಉದಾರವಾದುದೇ. ಪೂರ್ಣ ಅರ್ಹತೆಯುಳ್ಳವರಿಗೆ 36 ತಿಂಗಳವರೆಗೆ ಶುಲ್ಕ, ವಸತಿ ಭತ್ಯೆ, ಪುಸ್ತಕಗಳ ಹಣ ದೊರೆಯುತ್ತದೆ. ಆದರೆ ಇಂದು ಮಾಜಿ ಸೈನಿಕರು ವಿದ್ಯಾರ್ಥಿ ಸಮೂಹದಲ್ಲಿ ಸಣ್ಣದೊಂದು ಭಾಗ. ಹಣ ಉಳಿಯಿತು, ಒಡನಾಟ ಹೋಯಿತು. ನನ್ನ ದೃಷ್ಟಿಯಲ್ಲಿ ಸಮಸ್ಯೆಯ ಮೂಲವಿರುವುದು ಇಲ್ಲಿಯೇ.

ಇಪ್ಪತ್ತೈದು ದಾಟಿದ ಆತನು ಹದಿನೆಂಟರ ಹುಡುಗರ ನಡುವೆ ಕೂರುತ್ತಾನೆ. ನಿನ್ನೆಯವರೆಗೆ ಏಳುವ ಗಳಿಗೆ, ಉಣ್ಣುವ ಗಳಿಗೆ, ಮಾಡಬೇಕಾದ ಕೆಲಸ ಎಲ್ಲವೂ ನಿಗದಿಯಾಗಿದ್ದವು; ಇಂದು ಎಲ್ಲವನ್ನೂ ತಾನೇ ಆರಿಸಿಕೊಳ್ಳಬೇಕು. ಮರೆತ ಗಣಿತ, ಮನೆಯಲ್ಲಿ ಹೆಂಡತಿ ಮಕ್ಕಳು, ಬಾಗಿಲು ಕಾಣುವಂತೆ ಗೋಡೆಗೆ ಬೆನ್ನುಕೊಟ್ಟು ಕೂರಬೇಕೆನಿಸುವ ತವಕ! ಇವುಗಳ ನಡುವೆ ಸಹಪಾಠಿಯೊಬ್ಬನು ಕುತೂಹಲದಿಂದ ‘ನೀನು ಯಾರನ್ನಾದರೂ ಕೊಂದಿದ್ದೀಯಾ?’ ಎಂದು ಕೇಳಿದರೆ ಆ ಜೀವ ಏನೆಂದು ಉತ್ತರಿಸಬೇಕು? ನೆರವು ಕೇಳುವುದು ದೌರ್ಬಲ್ಯವೆಂಬ ಭಾವನೆ ಸೈನಿಕ ಬದುಕಿನಲ್ಲಿ ಅನೇಕರಿಗೆ ಮೈಗೂಡಿರುತ್ತದೆ. ಆದ್ದರಿಂದ ಆಪ್ತಸಲಹೆಗಾರರ ಕೋಣೆ ತೆರೆದಿದ್ದರೂ ಆತ ಹೊಸ್ತಿಲು ದಾಟುವುದಿಲ್ಲ.

ಇದನ್ನರಿತು ಮಿಷಿಗನ್ ವಿಶ್ವವಿದ್ಯಾಲಯವೂ 2008ರಲ್ಲಿ ಸ್ಥಾಪನೆಯಾದ ಸ್ಟೂಡೆಂಟ್ ವೆಟರನ್ಸ್ ಆಫ್ ಅಮೆರಿಕ ಸಂಸ್ಥೆಯೂ ಕೂಡಿ 2012ರಲ್ಲಿ ‘ಪೇವ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿದವು. ಮೊದಲೇ ಕಾಲೇಜು ಸೇರಿ ನೆಲೆಕಂಡ ಮಾಜಿ ಸೈನಿಕರಿಗೆ ತರಬೇತಿ ನೀಡಿ, ಹೊಸದಾಗಿ ಬಂದವರಿಗೆ ಜೊತೆಗಾರರನ್ನಾಗಿ ಮಾಡುವುದೇ ಅದರ ರೀತಿ. ಹೊಸಬ ಬಂದು ಕೇಳಲೆಂದು ಇವರು ಕಾಯುವುದಿಲ್ಲ. ತಾವೇ ಮುಂದಾಗಿ ಕರೆಯುತ್ತಾರೆ, ಕಷ್ಟವನ್ನು ಗುರುತಿಸುತ್ತಾರೆ, ಸರಿಯಾದ ನೆರವಿನ ಬಾಗಿಲಿಗೆ ಕರೆದೊಯ್ಯುತ್ತಾರೆ, ಮತ್ತೆ ವಿಚಾರಿಸುತ್ತಾರೆ. ಈ ಮುಂದಾಗಿ ಕರೆಯುವುದರಲ್ಲಿಯೇ ಅರ್ಧ ಔಷಧವಿದೆ.

ಜೊತೆಗಾರನು ವೈದ್ಯನಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಅದು ನಿಜವೇ. ತನ್ನ ಮಿತಿಯನ್ನು ಅರಿಯುವುದು ಆತನ ಮೊದಲ ಪಾಠವಾಗಬೇಕು. ಗಾಯ ಆಳವಾದಾಗ ತಾನೇ ಮದ್ದು ಅರೆಯದೆ ತಜ್ಞರಲ್ಲಿಗೆ ಒಯ್ಯಬೇಕು. ಪ್ರಾಣಕ್ಕೇ ಸಂಕಟ ಬಂದರೆ ಅಲ್ಲಿ 988ಕ್ಕೆ ಕರೆಮಾಡಿ 1 ಒತ್ತುವ ಸಹಾಯವಾಣಿಯಿದೆ. ಮಾಜಿ ಸೈನಿಕರು ತಮ್ಮವರೊಳಗೇ ಉಳಿದರೆ ಇತರರಿಂದ ದೂರವಾಗುವರೆಂಬ ಭಯವೂ ಇದೆ. ಅದಕ್ಕೆಂದೇ ಜೊತೆಗಾರನು ಸೇತುವೆಯಾಗಬೇಕಲ್ಲದೆ ಗೋಡೆಯಾಗಬಾರದು. ಹೊಸಬನು ಇತರ ಸಹಪಾಠಿಗಳೊಡನೆ ಓದಿ ನಗುವಂತಾದ ದಿನವೇ ಆತನ ಸೇವೆ ಸಾರ್ಥಕ.

ಈ ಮಾತು ನಮಗೂ ದೂರದ್ದಲ್ಲ. 2022ರಲ್ಲಿ ಘೋಷಿತವಾದ ಅಗ್ನಿಪಥ ಯೋಜನೆಯಂತೆ ಸೇರಿದ ಯುವಕರ ಸೇವೆ ನಾಲ್ಕು ವರ್ಷ. ಶೇಕಡ 25ರವರೆಗಿನವರಿಗೆ ಮಾತ್ರ ಮುಂದುವರಿಯುವ ಅವಕಾಶವೆಂದು ಯೋಜನೆ ಹೇಳಿತು. 2023ರ ಜನವರಿಯಲ್ಲಿ ತರಬೇತಿ ಆರಂಭಿಸಿದ ಭೂಸೇನೆಯ ಮೊದಲ ತಂಡಕ್ಕೆ 2027ರ ಆರಂಭದಲ್ಲಿ ನಾಲ್ಕು ವರ್ಷ ತುಂಬುತ್ತದೆ. ಇಪ್ಪತ್ತರ ಹರೆಯದ ಈ ಮಕ್ಕಳಲ್ಲಿ ಅನೇಕರು ಮತ್ತೆ ಪುಸ್ತಕ ಹಿಡಿಯಲು ಬಯಸುವರು. ಕೈಯಲ್ಲಿ ಸೇವಾನಿಧಿಯ ಹಣವಿರುತ್ತದೆ. ಹೆಗಲ ಮೇಲೆ ಕೈಯಿಡುವವರು ಇರುವರೇ?

ಊರಿಗೆ ಮರಳಿದವನಿಗೆ ಹಾರಹಾಕಿ ಮೆರವಣಿಗೆ ಮಾಡುವುದು ಒಂದು ದಿನದ ಕೆಲಸ. ಆತನು ತರಗತಿಯಲ್ಲಿ ಒಂಟಿಯಾಗದಂತೆ ನೋಡಿಕೊಳ್ಳುವುದು ವರ್ಷಗಳ ಕಾಯಕ. ನಮ್ಮ ಕಾಲೇಜುಗಳು ಮರಳಿದ ಸೈನಿಕರಲ್ಲಿ ಇಬ್ಬರು ಮೂವರನ್ನು ಆರಿಸಿ ತರಬೇತಿ ಕೊಟ್ಟು, ಹೊಸಬರ ಕೈಹಿಡಿಯುವ ಹೊಣೆಯನ್ನು ವಹಿಸಲಿ. ಇದಕ್ಕೆ ದೊಡ್ಡ ಕಟ್ಟಡ ಬೇಡ, ಒಂದು ಕೋಣೆ ಸಾಕು. ಬೇಕಾದುದು ‘ನಾನೂ ಈ ದಾರಿಯಲ್ಲಿ ಎಡವಿದ್ದೆ, ಬಾ’ ಎನ್ನಬಲ್ಲ ಒಂದು ದನಿ. ಅಂಥ ದನಿಯನ್ನು ಸಿದ್ಧಗೊಳಿಸುವ ಕೆಲಸ ಇಂದೇ ಆರಂಭವಾಗಲಿ.