ಅಕ್ಷರವನ್ನು ಬೆತ್ತ ಮಾಡಬೇಡಿ

ಮೊನ್ನೆ ಮದ್ದೂರಿನಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಹಜಾರದ ಗೋಡೆಯ ಮೇಲೆ ಕಪ್ಪು ಮಸಿಯಲ್ಲಿ ಬರೆದ ಒಂದೇ ಒಂದು ಜಪಾನೀ ಅಕ್ಷರ. "ಇದು 'ಮಿಚಿ' ಅಂತ ಮೇಡಂ, ಅಂದ್ರೆ ದಾರಿ. ಬಾಳುವ ರೀತಿ ಅಂತಲೂ ಅರ್ಥವಂತೆ" ಎಂದು ಮನೆಯಾಕೆ ಹೆಮ್ಮೆಯಿಂದ ಹೇಳಿದರು. ಅದರ ಕೆಳಗೇ ಅವರ ಮಗ ಕೂತು 'ನಾನು ತರಗತಿಯಲ್ಲಿ ಮಾತಾಡುವುದಿಲ್ಲ' ಎಂದು ನೂರು ಸಲ ಬರೆಯುತ್ತಿದ್ದ. ಬರೆಯುವುದೇನು! ಪುಟದ ಮೇಲಿನಿಂದ ಕೆಳಗಿನವರೆಗೆ ಬರೀ 'ನಾನು', ಪಕ್ಕದ ಸಾಲಿನಲ್ಲಿ ಬರೀ 'ತರಗತಿಯಲ್ಲಿ'.

ನಾನೂ ಇಂಥ ಶಿಕ್ಷೆ ಕೊಟ್ಟವಳೇ. ಆದ್ದರಿಂದಲೇ ಹೇಳುತ್ತೇನೆ, ಇದು ತಪ್ಪು.

ಅಕ್ಷರ ಎಂದರೆ ನಾಶವಿಲ್ಲದ್ದು. ವಿಜಯದಶಮಿಯಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳು ಹಿಡಿದು ಅಕ್ಕಿಯ ಮೇಲೆ ತಿದ್ದಿಸುತ್ತೇವೆ. ನಾಲ್ಕಾರು ವರ್ಷಗಳಲ್ಲಿ ಅದೇ ಅಕ್ಷರ ಬೆತ್ತವಾಗಿಬಿಡುತ್ತದೆ.

ಇದೇ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೆನೆಯಿರಿ. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ದೊರೆ ಬೂತುಗ, ಯುದ್ಧದಲ್ಲಿ ಮೆಚ್ಚಿಸಿದ ಮಣಲೇರನಿಗೆ ಕಾಳಿ ಎಂಬ ಬೇಟೆನಾಯಿಯನ್ನು ಕೊಟ್ಟ. ಅದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನೆಟ್ಟು ಅಕ್ಷರ ಕೊರೆಸಿದರು. ಗಂಗರ ರಾಜ್ಯ ಹೋಯಿತು, ರಾಷ್ಟ್ರಕೂಟರದೂ ಹೋಯಿತು; ಕಾಳಿಯ ಹೆಸರು ಉಳಿದಿದೆ. ಅಕ್ಷರವೆಂಬ ಮಾತಿನ ಅರ್ಥ ನಮ್ಮೂರ ಕಲ್ಲಿನಲ್ಲೇ ಇತ್ತು.

ಹಾಗೆಂದು ಜಪಾನಿನಿಂದ ಕಲಿಯುವುದು ಇಲ್ಲವೆಂದಲ್ಲ. ಅಲ್ಲಿ ಕುಂಚದ ಬರಹಕ್ಕೆ 'ಶೋದೋ' ಎನ್ನುತ್ತಾರೆ, ಬರಹದ ದಾರಿ ಎಂದು. ಮೂರನೇ ತರಗತಿಯಿಂದಲೇ ಮಕ್ಕಳ ಕೈಗೆ ಕುಂಚ ಕೊಡುತ್ತಾರೆ. ಒಮ್ಮೆ ಎಳೆದ ಗೆರೆಯ ಮೇಲೆ ಮತ್ತೆ ತಿದ್ದುವಂತಿಲ್ಲ. ಎಳೆಯುವಾಗ ಮನಸ್ಸು ಅಲ್ಲೇ ಇರಬೇಕು. ನಾವು ತಂದುಕೊಳ್ಳಬೇಕಾದದ್ದು ಇದನ್ನು. ತಂದದ್ದು ಗೋಡೆಯ ಪಟವನ್ನು.

"ಬರೆದು ಬರೆದೇ ಅಲ್ಲವೆ ಅಕ್ಷರ ದುಂಡಗಾಗುವುದು?" ಎನ್ನುತ್ತೀರಿ. ನಿಜ, ಅಭ್ಯಾಸ ಬೇಕು. ಆದರೆ ಆ ಹುಡುಗನ ನೂರನೇ ಸಾಲು ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ಅವನು ಕಲಿತದ್ದು ಒಂದೇ: ಬರೆಯುವುದೆಂದರೆ ದಂಡ. ಮುಂದೆ ಅವನು ಪುಸ್ತಕ ಮುಟ್ಟದಿದ್ದರೆ ದೂರುವುದು ಯಾರನ್ನು?

ತಾಯಂದಿರೇ, ಮುಂದಿನ ಸಲ ಇಂಥ ಶಿಕ್ಷೆ ಮನೆಗೆ ಬಂದರೆ ಶಾಲೆಗೆ ಹೋಗಿ ಕೇಳಿ. ನನ್ನಂಥ ಟೀಚರುಗಳಿಗೆ ಕೋಪ ಬರುತ್ತದೆ, ಬರಲಿ. ನೂರು ಸಾಲಿನ ಬದಲು ಮನಸ್ಸಿಟ್ಟು ಒಂದೇ ಸಾಲು ಬರೆಯಲಿ ಎಂದು ಹೇಳಿ ಬನ್ನಿ.