ಪೇಟೆಂಟಿನ ವಿವರಣೆ: ಎಷ್ಟು ಬರೆದರೆ ಸಾಕು?

ಸಂತೆಕಟ್ಟೆಯ ಹಳೆಯ ಮನೆಗಳ ಮಂಗಳೂರು ಹೆಂಚನ್ನು ನೋಡಿದವರಿಗೆ ಅದರ ಯುಕ್ತಿ ತಿಳಿಯಲು ಹೆಚ್ಚು ಹೊತ್ತು ಬೇಡ. ಒಂದರ ಅಂಚು ಇನ್ನೊಂದರ ಅಂಚನ್ನು ಕಚ್ಚಿಕೊಂಡು ಆಟಿ ತಿಂಗಳ ಜಡಿಮಳೆಯನ್ನು ಕೆಳಗಿಳಿಸುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಈ ಉದ್ಯಮದ ಹೆಂಚಿನ ನಕ್ಷೆಯೊಂದನ್ನು ನುರಿತ ಕೆಲಸಗಾರನಿಗೆ ಕೊಟ್ಟರೆ, ಅಳತೆಯನ್ನು ತುಸು ಬದಲಿಸಿದಾಗ ಏನಾಗುವುದೆಂದು ಅವನು ಮೊದಲೇ ಹೇಳಬಲ್ಲನು. ಕಟಪಾಡಿ ಬಳಿಯ ಮಟ್ಟುಗುಳ್ಳದ ಮಾತೇ ಬೇರೆ. ಅದರ ಬೀಜವನ್ನು ಅನ್ಯ ನೆಲದಲ್ಲಿ ಬಿತ್ತಿದರೆ ಅದೇ ರುಚಿ ಬಂದೀತೇ ಎಂಬುದನ್ನು ಬೆಳೆದು ನೋಡದೆ ಹೇಳಲಾಗದು. (ಬೀಜಕ್ಕೆ ಈ ದೇಶದಲ್ಲಿ ಪೇಟೆಂಟ್ ಇಲ್ಲ, ಇದು ಹೋಲಿಕೆಗಾಗಿ ಮಾತ್ರ.)

ಪೇಟೆಂಟ್ ಪಡೆಯುವವನು ಎಷ್ಟು ವಿವರ ಕೊಡಬೇಕೆಂಬ ಪ್ರಶ್ನೆಯ ಬುಡದಲ್ಲಿ ಇರುವುದು ಈ ಭೇದವೇ. ಭಾರತದ 1970ರ ಪೇಟೆಂಟ್ ಕಾಯಿದೆಯ 10ನೆಯ ಪ್ರಕರಣವು, ಅರ್ಜಿದಾರನು ತನ್ನ ಆವಿಷ್ಕಾರವನ್ನು ಪೂರ್ಣವಾಗಿ ವಿವರಿಸಬೇಕೆಂದೂ ತನಗೆ ತಿಳಿದ ಅತ್ಯುತ್ತಮ ವಿಧಾನವನ್ನು ಹೊರಗೆಡಹಬೇಕೆಂದೂ ವಿಧಿಸುತ್ತದೆ. 20 ವರ್ಷಗಳ ಏಕಸ್ವಾಮ್ಯಕ್ಕೆ ಸಮಾಜವು ಕೇಳುವ ಬೆಲೆಯಿದು. ಫಲವನ್ನು ಊಹಿಸಬಹುದಾದ ಯಂತ್ರವಿದ್ಯೆಯಲ್ಲಿ ಒಂದು ಉದಾಹರಣೆ ಸಾಕಾದೀತು. ರಸಾಯನ, ಜೀವವಿಜ್ಞಾನಗಳಲ್ಲಿ ಅದು ಸಾಲದು.

ಈ ವಿಚಾರ ಹೊಸದಲ್ಲ. ಅಮೆರಿಕದ ಸಾಯರ್ ಮತ್ತು ಮ್ಯಾನ್ ಎಂಬಿಬ್ಬರು ವಿದ್ಯುದ್ದೀಪದ ತಂತುವಿಗೆ ಕರಿಗೊಳಿಸಿದ ಕಾಗದವನ್ನು ಬಳಸಿ, ನಾರುಳ್ಳ ಸಮಸ್ತ ವಸ್ತುಗಳ ಮೇಲೂ ಹಕ್ಕು ಹೂಡಿದ್ದರು. ಎಡಿಸನ್ನನಾದರೋ ಅಸಂಖ್ಯ ಸಸ್ಯವಸ್ತುಗಳನ್ನು ಪರೀಕ್ಷಿಸಿ ಕಡೆಗೆ ಬಿದಿರಿಗೆ ಬಂದು ನಿಂತನು. ಎಲ್ಲ ನಾರೂ ಬಿದಿರಾಗಲಿಲ್ಲ! 1895ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆ ವಿಶಾಲ ಹಕ್ಕನ್ನು ತಳ್ಳಿಹಾಕಿತು. 2023ರಲ್ಲಿ ಆಮ್ಜೆನ್ ಕಂಪೆನಿಯ ಕೊಲೆಸ್ಟರಾಲ್ ಔಷಧದ ಮೊಕದ್ದಮೆಯಲ್ಲಿ ಆ ತೀರ್ಪು ಮತ್ತೆ ನೆರವಿಗೆ ಬಂದಿತು. 26 ಪ್ರತಿಕಾಯಗಳ ರಚನೆಯನ್ನು ತಿಳಿಸಿ, ಅದೇ ಕಾರ್ಯವೆಸಗುವ ಸಕಲ ಪ್ರತಿಕಾಯಗಳನ್ನೂ ತನ್ನದೆನ್ನಲಾಗದೆಂದು ನ್ಯಾಯಾಲಯವು ನಿರ್ಣಯಿಸಿತು.

ಇಂಥ ಬಿಗಿ ನಿಯಮವು ಬಡ ಸಂಶೋಧಕನಿಗೆ ಅನ್ಯಾಯವೆಂಬ ಆಕ್ಷೇಪವುಂಟು. ನೂರು ಪ್ರಯೋಗ ನಡೆಸುವ ಶಕ್ತಿ ದೊಡ್ಡ ಕಂಪೆನಿಗಿದೆ, ಊರಿನ ಕಾಲೇಜಿಗಿಲ್ಲ ಎಂಬುದು ನಿಜವೇ. ಆದರೆ ಹತ್ತೇ ಪ್ರಯೋಗಗಳಿಂದ ಇಡೀ ಕ್ಷೇತ್ರಕ್ಕೆ ಬೇಲಿ ಹಾಕಲು ಬಿಟ್ಟರೆ, ಮೊದಲು ಹೊರಗುಳಿಯುವವನು ಮಣಿಪಾಲದಲ್ಲೋ ಕಾರ್ಕಳದಲ್ಲೋ ಹನ್ನೊಂದನೆಯದನ್ನು ಅರಸುವ ವಿದ್ಯಾರ್ಥಿಯೇ. ಬಡವನ ಕೊರತೆಗೆ ಪರಿಹಾರವು ಸಡಿಲವಾದ ಕಾನೂನಲ್ಲ, ಸುಸಜ್ಜಿತ ಪ್ರಯೋಗಶಾಲೆ. ವಿದ್ಯಾಸಂಸ್ಥೆಗಳ ದಾನಿಗಳು ಕಟ್ಟಡದಷ್ಟೇ ಇದಕ್ಕೂ ಕೈನೀಡಬಹುದು. ಇನ್ನು ಅಧ್ಯಾಪಕರು, ವಿಫಲವಾದ ಪ್ರಯೋಗದ ಪುಟವನ್ನು ವಿದ್ಯಾರ್ಥಿಯ ದಾಖಲೆ ಪುಸ್ತಕದಿಂದ ಹರಿಸಿಹಾಕುವ ರೂಢಿಯನ್ನು ಬಿಡಬೇಕು. ಹಕ್ಕಿನ ಗಡಿ ಎಲ್ಲಿ ನಿಲ್ಲುವುದೆಂಬುದನ್ನು ತೋರಿಸುವುದು ಆ ಪುಟವೇ.