ಹೊರೆ ಹೊರದ ಗಾಡಿ

2000ದ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ವಾಹನ ಪ್ರದರ್ಶನದಲ್ಲಿ ಷೆವರ್ಲೆ ಕಂಪನಿಯು ಎಸ್‌ಎಸ್‌ಆರ್ ಎಂಬ ಮಾದರಿ ವಾಹನವೊಂದನ್ನು ಜನರ ಮುಂದಿಟ್ಟಿತು. ಮುಂದೆ ಇಬ್ಬರಷ್ಟೇ ಕೂರಬಹುದಾದ, ಛಾವಣಿ ತೆರೆದುಕೊಳ್ಳುವ ವಿಹಾರದ ಕಾರು. ಹಿಂದೆ ಸರಕು ಹೇರುವ ಪಿಕಪ್ಪಿನ ತೊಟ್ಟಿ. ಅದರ ಮೈಕಟ್ಟನ್ನು ಅದೇ ಕಂಪನಿಯು 1940ರ ದಶಕದ ಕೊನೆಯಲ್ಲಿ ತಯಾರಿಸುತ್ತಿದ್ದ ದುಡಿಮೆಯ ಟ್ರಕ್ಕುಗಳಿಂದ ಎರವಲು ಪಡೆಯಲಾಗಿತ್ತು. ಪ್ರದರ್ಶನದ ಮಾದರಿಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ. ಇದು 2003ರಲ್ಲಿ ಮಾರಾಟಕ್ಕೂ ಬಂದಿತು.

ತೆರೆದ ಕಾರಿಗೆ ತೊಟ್ಟಿ ಕೂಡಿಸುವುದು ಹೊಸ ಕಲ್ಪನೆಯೇನಲ್ಲ. ಅಮೆರಿಕದ ರೈತರೂ ಕುಶಲಕರ್ಮಿಗಳೂ ಫೋರ್ಡ್ ಕಂಪನಿಯ ಟಿ ಮಾದರಿಯ ಕಾರಿನ ಹಿಂಭಾಗವನ್ನು ತಾವೇ ಕಳಚಿ, ಅಲ್ಲಿ ಪೆಟ್ಟಿಗೆ ಕೂರಿಸಿಕೊಳ್ಳುತ್ತಿದ್ದರು. ಅದನ್ನು ಕಂಡು ಕಂಪನಿಯೇ 1925ರಲ್ಲಿ ಬಟ್ಟೆಯ ಛಾವಣಿಯ ಆ ಕಾರಿಗೆ ತೊಟ್ಟಿ ಜೋಡಿಸಿ 281 ಡಾಲರಿಗೆ ಮಾರಿತು. 20 ಅಶ್ವಶಕ್ತಿಯ ಎಂಜಿನ್ ಅದಕ್ಕೆ ಸಾಕಾಗಿತ್ತು. ಅಗತ್ಯವೇ ಅಲ್ಲಿ ವಿನ್ಯಾಸಕಾರನಾಗಿತ್ತು.

ಎಸ್‌ಎಸ್‌ಆರ್‌ನ ಮೊದಲ ಎಂಜಿನ್ 300 ಅಶ್ವಶಕ್ತಿಯದು. 2005ರ ಹೊತ್ತಿಗೆ ಅದು 390ಕ್ಕೆ ಏರಿತು. ವಾಹನದ ತೂಕ 2 ಟನ್ನಿಗೂ ಅಧಿಕ. ತೊಟ್ಟಿಗೆ ಗಟ್ಟಿಯಾದ ಮುಚ್ಚಳ. ಇಷ್ಟಪಟ್ಟವರಿಗೆ ತೊಟ್ಟಿಯ ತಳದಲ್ಲಿ ಮರದ ಪಟ್ಟಿಗಳ ಅಲಂಕಾರವೂ ದೊರೆಯುತ್ತಿತ್ತು! ಅಂಥ ತಳದ ಮೇಲೆ ಗೊಬ್ಬರ ಸುರಿಯುವವರು ಯಾರು?

ಇದು ಕೇವಲ ಅಭಿರುಚಿಯ ಪ್ರಶ್ನೆಯಾಗಿದ್ದರೆ ಈ ಪುಟದಲ್ಲಿ ಬರೆಯುವ ಅವಶ್ಯಕತೆಯಿರಲಿಲ್ಲ. ತೈಲ ಬಿಕ್ಕಟ್ಟಿನ ಬಳಿಕ 1975ರಲ್ಲಿ ಅಮೆರಿಕವು ವಾಹನಗಳ ಇಂಧನ ಬಳಕೆಗೆ ಮಿತಿ ಹಾಕುವ ಕಾನೂನು ತಂದಿತು. ಎಸ್‌ಎಸ್‌ಆರ್ ಬಂದ ಕಾಲಕ್ಕೆ ಕಂಪನಿಯ ಕಾರುಗಳು ಸರಾಸರಿ ಗ್ಯಾಲನ್ನಿಗೆ 27.5 ಮೈಲಿ, ಎಂದರೆ ಲೀಟರಿಗೆ ಸುಮಾರು 11.7 ಕಿಲೋಮೀಟರ್ ಓಡಬೇಕಿತ್ತು. ಲಘು ಟ್ರಕ್ಕುಗಳಿಗೆ 20.7 ಮೈಲಿ, ಅಂದರೆ ಸುಮಾರು 8.8 ಕಿಲೋಮೀಟರ್ ಸಾಕಿತ್ತು. ದುಡಿಯುವ ಗಾಡಿಗೆ ತೋರಿದ ಈ ರಿಯಾಯಿತಿ ನ್ಯಾಯವಾದದ್ದೇ. ಆದರೆ ಬೆನ್ನಿಗೆ ತೆರೆದ ತೊಟ್ಟಿಯಿದ್ದರೆ ಸಾಕು, ವಾಹನವು ಟ್ರಕ್ಕಿನ ಸಾಲಿಗೆ ಸೇರುತ್ತದೆ. ಅದರಲ್ಲಿ ಏನನ್ನಾದರೂ ಹೇರುತ್ತಾರೆಯೇ ಎಂದು ಕಾನೂನು ಕೇಳುವುದಿಲ್ಲ. ಕೃಷಿಕನ ಹೆಸರಿನಲ್ಲಿ ಪಡೆದ ಸವಲತ್ತು ವಿಹಾರಿಯ ಪಾಲಾಗುವುದು ಹೀಗೆ.

ಮಲೆನಾಡಿನವರಾದ ನಮಗೆ ಪಿಕಪ್ಪನ್ನು ಅಳೆಯುವ ಬೇರೆ ಮಾನದಂಡವಿದೆ. ಅಡಿಕೆ ಗೊನೆ, ಸೊಪ್ಪಿನ ಹೊರೆ, ಹಾಲಿನ ಕ್ಯಾನು, ಬಸ್ಸು ತಪ್ಪಿದ ಶಾಲೆಯ ಮಕ್ಕಳು, ನಡುರಾತ್ರಿ ಆಸ್ಪತ್ರೆಗೆ ಹೊರಟ ಬಸುರಿ ಹೆಂಗಸು, ಇವರೆಲ್ಲ ಏರಿದ್ದು ಒಂದೇ ತೊಟ್ಟಿಯನ್ನು. ಆಷಾಢದ ಮಳೆಯಲ್ಲಿ ಛಾವಣಿ ಮಡಚುವ ಗುಂಡಿಗಿಂತ ಟಾರ್ಪಾಲಿನ ಹಗ್ಗ ಗಟ್ಟಿಯಿದೆಯೇ ಎಂಬುದೇ ದೊಡ್ಡ ವಿಚಾರ. ಉಕ್ಕು ಎಲ್ಲಿಂದ ಬರುತ್ತದೆಂಬುದನ್ನೂ ನಾವು ಬಲ್ಲೆವು. ಕುದುರೆಮುಖದ ಗಣಿಯನ್ನು 2005ರ ಕೊನೆಗೆ ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಅಷ್ಟರಲ್ಲಿ ಭದ್ರೆಯ ಒಡಲು ಸಾಕಷ್ಟು ಹೂಳು ಉಂಡಿತ್ತು. ಡೆಟ್ರಾಯಿಟಿನ ಗಾಡಿಗೆ ಬೇಕಾದ 2 ಟನ್ ಸರಕೂ ಯಾವುದೋ ನಾಡಿನ ಬೆಟ್ಟವನ್ನು ಅಗೆದೇ ಬರಬೇಕು.

ಸುಮಾರು 24 ಸಾವಿರ ಗಾಡಿಗಳನ್ನು ತಯಾರಿಸಿದ ಬಳಿಕ, 2006ರಲ್ಲಿ ಎಸ್‌ಎಸ್‌ಆರ್ ನಿಂತುಹೋಯಿತು. ಕಲ್ಪನೆ ಮಾತ್ರ ಸಾಯಲಿಲ್ಲ. ಅದೇ ಜನರಲ್ ಮೋಟಾರ್ಸ್ ಸಮೂಹವು 2020ರಲ್ಲಿ ಹಮ್ಮರ್ ಹೆಸರಿನ ವಿದ್ಯುತ್ ಪಿಕಪ್ಪನ್ನು ಅನಾವರಣಗೊಳಿಸಿತು. ಅದರ ಛಾವಣಿಯ ಹಲಗೆಗಳನ್ನೂ ಕಳಚಿಡಬಹುದು. ಹೊಗೆಯಿಲ್ಲದ ಕಾರಣ ಅದಕ್ಕೆ ಹಸಿರು ವಾಹನವೆಂಬ ಗೌರವವೂ ಸಲ್ಲುತ್ತದೆ. ತೂಕ 4 ಟನ್ನಿಗೂ ಮಿಗಿಲು. ಬ್ಯಾಟರಿಯೊಂದೇ ಸುಮಾರು 1,300 ಕಿಲೋ; ಆ ಮೊದಲ ಆವೃತ್ತಿಯು ಜನ, ಸರಕು ಎರಡೂ ಸೇರಿ ಹೊರಬಲ್ಲ ಹೊರೆ ಸುಮಾರು 600 ಕಿಲೋ.